ಹಸಿರು ಕಾರಿನ ಹಳದಿ ದೀಪ

ಹೋದ ತಿಂಗಳು ಹೈದರಾಬಾದಿನ ತಾರ್ನಾಕದಲ್ಲಿ ಮೆಟ್ರೋ ಇಳಿದು, ನೆಂಟರ ಮನೆ ಹುಡುಕುತ್ತ ಒಂದು ಅಡ್ಡರಸ್ತೆಗೆ ತಿರುಗಿದೆ. ಗೋಡೆಯ ನೆರಳಿನಲ್ಲಿ ಬೈಕ್ ಮೆಕ್ಯಾನಿಕ್ ಒಬ್ಬ ಕಾರ್ಬುರೇಟರ್ ಬಿಚ್ಚಿಟ್ಟುಕೊಂಡು ಕ್ಲೀನರ್ ಸ್ಪ್ರೇ ಹೊಡೆಯುತ್ತಿದ್ದ. ಗಂಟಲಿಗೆ ಹತ್ತಿ ಕಣ್ಣಲ್ಲಿ ನೀರು ತರಿಸುವ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ನಿಂತುಬಿಟ್ಟೆ. ಅದೇ ರಸ್ತೆಯಲ್ಲಿ ನನ್ನ ಸೋದರಮಾವ ಕಾಶೀನಾಥರ ಕಾರ್ ಗ್ಯಾರೇಜ್ ಇತ್ತು. ಈಗ ಅಲ್ಲಿ ಹುಡುಗಿಯರ ಹಾಸ್ಟೆಲ್ ಎದ್ದಿದೆ. ಆ ತಗಡಿನ ಷೆಡ್ಡಿನಲ್ಲಿ ನಾನೊಂದು ಮಳೆಗಾಲ ಮತ್ತು ಅದರ ಬೆನ್ನಿಗೆ ಬಂದ ಚಳಿಗಾಲವನ್ನು ಕಳೆದೆ. ಒಬ್ಬರ ಮುಖವನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ ಕಳೆದ ದಿನಗಳು ಅವು.

ಹೈದರಾಬಾದಿನಲ್ಲಿ ಕಂಡಕಂಡವರೆಲ್ಲ ಸಾಫ್ಟ್‌ವೇರ್ ಕಲಿಯುತ್ತಿದ್ದ ಕಾಲ. ಕುಷ್ಟಗಿಯವಳಾದ ನಾನೂ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಎಸ್ಸಿ. ಮುಗಿಸಿ ಅಮೀರ್‌ಪೇಟೆಗೆ ಬಂದು, ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸು ಸೇರಿದೆ. ಕೋರ್ಸು ಮುಗಿಯಿತು, ಕೆಲಸ ಸಿಗಲಿಲ್ಲ. ಊರಿಗೆ ವಾಪಸು ಹೋಗುವುದು ಹೇಗೆಂದು ಯೋಚಿಸುತ್ತಿದ್ದಾಗ ಮಾಮಾ ಫೋನು ಮಾಡಿದರು.

"ಕೆಲಸ ಸಿಗೋತನಕ ನಮ್ಮ ಮನ್ಯಾಗ ಇರು ಬಾರವಾ ಸುಜಾ. ಗ್ಯಾರೇಜಿಗೆ ಒಂದು ಮಷಿನ್ ತಂದೀನಿ, ಅದು ಬರೇ ಇಂಗ್ಲಿಷ್‌ನ್ಯಾಗ ಮಾತಾಡತೈತಿ. ನನಗೂ ತಿಳ್ಯಂಗಿಲ್ಲ, ಮಲ್ಲೇಶಂಗೂ ತಿಳ್ಯಂಗಿಲ್ಲ."

ಆ ಮಷಿನ್ ಸ್ಕ್ಯಾನರ್. ಹೊಸ ಕಾರುಗಳಲ್ಲಿ ಎಂಜಿನ್ ನೋಡಿಕೊಳ್ಳಲು ಒಂದು ಚಿಕ್ಕ ಕಂಪ್ಯೂಟರ್ ಇರುತ್ತದೆ. ಏನಾದರೂ ಎಡವಟ್ಟಾದರೆ ಅದು ಚಾಲಕನ ಎದುರಿಗೆ ಹಳದಿ ದೀಪ ಹೊತ್ತಿಸಿ, ತನ್ನ ನೆನಪಿನಲ್ಲಿ ಒಂದು ಕೋಡ್ ಬರೆದಿಟ್ಟುಕೊಳ್ಳುತ್ತದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದರೆ ಆ ಕೋಡ್ ಓದಬಹುದು. ಬೇಕೆಂದರೆ ಅಳಿಸಲೂಬಹುದು.

ಮಲ್ಲೇಶಂ ಮಾಮಾನ ಗ್ಯಾರೇಜಿನ ದೊಡ್ಡ ಮೇಸ್ತ್ರಿ. ಜನಗಾಂವ್ ಕಡೆಯವನು. ಗ್ಯಾರೇಜು ಶುರುವಾದಾಗಿನಿಂದ ಇದ್ದವನು. ಮಾಮಾನ ಜೊತೆ ಇದ್ದು ಇದ್ದು ಅರ್ಧ ತೆಲುಗು ಅರ್ಧ ಕನ್ನಡದ ಒಂದು ಭಾಷೆ ಮಾಡಿಕೊಂಡಿದ್ದ. ನನ್ನನ್ನು ತೆಲಂಗಾಣದ ರೀತಿಯಲ್ಲಿ 'ಬಿಡ್ಡಾ' ಎಂದು ಕರೆಯುತ್ತಿದ್ದ, ಮಗಳೇ ಎಂದ ಹಾಗೆ. ಮಧ್ಯಾಹ್ನ ಮೂವರೂ ಒಂದೇ ಬೆಂಚಿನ ಮೇಲೆ ಕೂತು ಊಟ ಮಾಡುತ್ತಿದ್ದೆವು. ಅತ್ತೆ ಕಟ್ಟಿದ ರೊಟ್ಟಿಗೆ ಅವನ ಮನೆಯ ಗೊಂಗೂರ, ಅಂದರೆ ಪುಂಡಿಸೊಪ್ಪಿನ ಚಟ್ನಿ.

ಮಳೆ ಹಿಡಿದ ಹೊತ್ತಿನಲ್ಲಿ ಆ ಹಸಿರು ಕಾರು ಬಂತು. ಜರ್ಮನಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ವಿದೇಶದಿಂದ ಮರಳಿದ ಯಾರೋ ಹಡಗಿನಲ್ಲಿ ತರಿಸಿ, ಆಮೇಲೆ ಮಾರಿದ್ದು. ಬಣ್ಣ ಮಾತ್ರ ಹೊಳೆಯುತ್ತಿತ್ತು, ವಯಸ್ಸು ಆಗಿತ್ತು. ಇಳಿದವರು ಶ್ರೀನಿಧಿ ಎಂಬ ಮೈಸೂರಿನ ಎಂಜಿನಿಯರು, ಮಾಧಾಪುರದ ಕಂಪನಿಯೊಂದರಲ್ಲಿ ಟೀಮ್ ಲೀಡರ್. ಹೆಂಡತಿ ತಾರ್ನಾಕದ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದುದರಿಂದ ಹತ್ತಿರದ ಹಬ್ಸಿಗುಡದಲ್ಲಿ ಮನೆ. ಆಫೀಸಿಗೆ ಕಂಪನಿಯ ಕ್ಯಾಬು, ಶನಿವಾರ ಭಾನುವಾರಕ್ಕೆ ಈ ಕಾರು.

"ಎಂಜಿನ್ ಲೈಟ್ ಬಂದಿದೆ. ಕನ್ನಡದವರ ಗ್ಯಾರೇಜು ಅಂತ ಹುಡುಕ್ಕೊಂಡು ಬಂದೆ. ಮೋಸ ಇರಲ್ಲ ಅಂತ," ಎಂದು ನಕ್ಕರು.

ಆ ನಗು ನನಗೆ ಹಿಡಿಸಲಿಲ್ಲ. ಬರುವಾಗಲೇ ಮೋಸದ ಮಾತು ಯಾಕೆ ಅನ್ನಿಸಿತು.

ಸ್ಕ್ಯಾನರ್ ಚುಚ್ಚಿದೆ. ಕೋಡ್ ಬಂತು: ಮಿಶ್ರಣ ಲೀನ್. ಅಂದರೆ ಎಂಜಿನ್ನಿಗೆ ಹೋಗುವ ಪೆಟ್ರೋಲು ಮತ್ತು ಗಾಳಿಯ ಬೆರಕೆಯಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಕೊಳೆಯಾಗಿದ್ದರೂ ಹೀಗಾಗುತ್ತದೆ. ಮಲ್ಲೇಶಂ ಅದನ್ನು ಬಿಚ್ಚಿ ತೊಳೆದ, ನಾನು ಕೋಡ್ ಅಳಿಸಿದೆ, ದೀಪ ಆರಿತು. ಮರುದಿನ ಮಲ್ಲೇಶಂನೇ ಕಾರನ್ನು ಹಬ್ಸಿಗುಡಕ್ಕೆ ಬಿಟ್ಟುಬಂದ.

ಎರಡು ವಾರಕ್ಕೆ ಶ್ರೀನಿಧಿ ಮತ್ತೆ ಬಂದರು. "ನಿನ್ನೆ ಲೈಟ್ ಬಂದಿತ್ತು. ಇವತ್ತು ಇಲ್ಲ," ಎಂದರು. ಸ್ಕ್ಯಾನರ್‌ನಲ್ಲಿ ಕೋಡೇ ಇಲ್ಲ. ಆದರೆ ಇನ್ನೊಂದು ವಿಷಯ ಕಂಡಿತು. ಕಾರಿನ ಕಂಪ್ಯೂಟರ್ ತನ್ನ ಭಾಗಗಳನ್ನೆಲ್ಲ ಆಗಾಗ ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿರುತ್ತದೆ. ನೆನಪು ಅಳಿಸಿದರೆ ಆ ಪರೀಕ್ಷೆಗಳೆಲ್ಲ ಮೊದಲಿನಿಂದ ಶುರುವಾಗಬೇಕು. ಅಂದು ಒಂದೂ ಪರೀಕ್ಷೆ ಮುಗಿದಿರಲಿಲ್ಲ.

"ಮಾಮಾ, ಯಾರೋ ಇದನ್ನ ಈಗಷ್ಟೇ ಅಳಿಸ್ಯಾರ," ಎಂದೆ.

"ಯಾರು ಅಳಿಸ್ತಾರವಾ? ಮಷಿನ್ ನಮ್ಮ ಕಡೆ ಐತಿ."

ಆ ಮಾತು ಶ್ರೀನಿಧಿಯವರ ಕಿವಿಗೂ ಬಿತ್ತು. ಅವರು ಷೆಡ್ಡಿನ ಆಚೆ ಕೈ ತೊಳೆಯುತ್ತಿದ್ದ ಮಲ್ಲೇಶಂ ಕಡೆ ಒಮ್ಮೆ ನೋಡಿದರು.

ಮಾಮಾ ಮುಂದಿನ ಭಾನುವಾರ ಮಲ್ಲೇಶಂನನ್ನು ಸ್ಕ್ಯಾನರ್ ಕೊಟ್ಟು ಅವರ ಮನೆಗೇ ಕಳಿಸಿದರು, ಕಾರನ್ನು ಅಲ್ಲೇ ನೋಡಿ ಬರಲಿ ಎಂದು. ಅವನು ಹೋದಾಗಲೂ ಕೋಡ್ ಇರಲಿಲ್ಲ. ಅದಾದ ಮೇಲೆ ಮೂರನೇ ಸಲ ಗ್ಯಾರೇಜಿಗೆ ಬಂದ ಶ್ರೀನಿಧಿ ಮಾಮಾನನ್ನು ಪಕ್ಕಕ್ಕೆ ಕರೆದರು. ಮಳೆ ತಗಡಿನ ಮೇಲೆ ಸುರಿಯುತ್ತಿದ್ದರಿಂದ ದನಿ ಏರಿಸಿಯೇ ಮಾತಾಡಬೇಕಾಯಿತು. ನನಗೂ ಕೇಳಿಸಿತು.

"ನಾನು ತಪ್ಪಾಗಿ ಹೇಳ್ತಿದ್ರೆ ಕ್ಷಮಿಸಿ. ಲೈಟ್ ಬರುತ್ತೆ, ಮರುದಿನ ಹೋಗಿರುತ್ತೆ. ನಿಮ್ಮ ಹುಡುಗಂಗೆ ನಮ್ಮ ಮನೆ ಗೊತ್ತು, ಕೀನೂ ಒಂದು ದಿನ ಅವನ ಕೈಲಿತ್ತು. ಗಾಡಿ ರಿಪೇರಿನೇ ಆಗ್ಬಾರ್ದು, ಸುಮ್ನೆ ಬರ್ತಾ ಇರ್ಲಿ ಅನ್ನೋ ಪ್ಲಾನ್ ಇರಬಹುದಲ್ವಾ? ನಿಮಗೆ ಗೊತ್ತಿಲ್ದೇನೇ."

"ಮಲ್ಲೇಶಂ ಅಂಥಾಂವಲ್ರಿ ಸರ," ಎಂದರು ಮಾಮಾ. ಆದರೆ ಆ ಮಾತಿನಲ್ಲಿ ಜೋರು ಇರಲಿಲ್ಲ.

ಅದಕ್ಕೆ ಕಾರಣವಿತ್ತು. ಉಪ್ಪಲ್‌ನಲ್ಲಿ ಆಗ ಹೊಸದೊಂದು ದೊಡ್ಡ ವರ್ಕ್‌ಶಾಪ್ ತೆರೆದಿತ್ತು. ಅದರ ಗೇಟಿನ ಮುಂದೆ ಮಲ್ಲೇಶಂ ಯಾರ ಜೊತೆಗೋ ಮಾತಾಡುತ್ತ ನಿಂತಿದ್ದನ್ನು ಟೈರಿನ ಅಂಗಡಿಯವನು ಕಂಡು, ಮಾಮಾನ ಕಿವಿಯಲ್ಲಿ ಹಾಕಿದ್ದ. ಒಳಗೆ ಹೊಗೆಯಾಡುತ್ತಿದ್ದುದಕ್ಕೆ ಶ್ರೀನಿಧಿ ಗಾಳಿ ಊದಿದಂತಾಯಿತು.

ಮಾಮಾ ಮಲ್ಲೇಶಂನನ್ನು ಏನೂ ಕೇಳಲಿಲ್ಲ. ಬೈಯಲೂ ಇಲ್ಲ. ಸಂಜೆ ಗ್ಯಾರೇಜು ಮುಚ್ಚುವಾಗ ಸ್ಕ್ಯಾನರನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಮನೆಗೆ ತರಲು ಶುರುಮಾಡಿದರು. ಅಷ್ಟೇ. ಮೊದಲು ಅದು ಬೆಂಚಿನ ಮೇಲೆ ಬಿದ್ದಿರುತ್ತಿತ್ತು. ಯಾವ ಗಿರಾಕಿಯ ಮನೆಗೂ ಮಲ್ಲೇಶಂನನ್ನು ಕಳಿಸುವುದನ್ನು ಬಿಟ್ಟರು. ಅವನು ಒಂದು ಕಾರಿನ ಬಾನೆಟ್ಟು ಎತ್ತಿದರೆ ಇವರು ಏನೋ ನೆಪ ಹುಡುಕಿ ಹತ್ತಿರ ಹೋಗಿ ನಿಲ್ಲುತ್ತಿದ್ದರು. ನನಗೂ ಅದೇ ರೋಗ ಅಂಟಿತು. ಅವನ ಫೋನು ರಿಂಗಾದರೆ ಯಾರದಿರಬಹುದು ಎಂದು ಕಿವಿ ನಿಮಿರುತ್ತಿತ್ತು.

ಅವನಿಗೆ ತಿಳಿಯದೇ ಇರಲಿಲ್ಲ. ಒಂದು ದಿನ ಊಟದ ಹೊತ್ತಿಗೆ ತನ್ನ ಡಬ್ಬಿ ಹಿಡಿದುಕೊಂಡು ಆಚೆ ಹೋಗಿ, ಚಹಾದ ಅಂಗಡಿಯ ಕಟ್ಟೆಯ ಮೇಲೆ ಒಬ್ಬನೇ ಕೂತು ಉಂಡ. ಮರುದಿನವೂ ಹಾಗೇ. ದಸರೆಯ ಹೊತ್ತಿನ ಬತುಕಮ್ಮ ಹಬ್ಬಕ್ಕೆಂದು ಊರಿಗೆ ಹೋದವನು ತಿರುಗಿ ಬರಲಿಲ್ಲ. ಉಪ್ಪಲ್‌ನ ವರ್ಕ್‌ಶಾಪ್‌ನಲ್ಲಿ ಸೇರಿದ್ದಾನೆ ಎಂದು ಅದೇ ಟೈರಿನವನು ಸುದ್ದಿ ತಂದ.

"ನೋಡಿದೇನು? ಮೊದಲಽ ಮಾತಾಗಿತ್ತು," ಎಂದರು ಮಾಮಾ. ಗೆದ್ದವರ ದನಿ ಅದಾಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಹಸಿರು ಕಾರು ಮತ್ತೆ ಬಂತು. ಮಲ್ಲೇಶಂ ಇಲ್ಲ, ಸ್ಕ್ಯಾನರ್ ರಾತ್ರಿಯೆಲ್ಲ ಮನೆಯ ಬೀರುವಿನೊಳಗಿತ್ತು. ಆದರೂ ನಿನ್ನೆ ಹತ್ತಿದ ದೀಪ ಇವತ್ತು ಆರಿತ್ತು, ನೆನಪು ಅಳಿಸಿಹೋಗಿತ್ತು. ನಾನು ಸೀಟಿನಲ್ಲಿ ಸುಮ್ಮನೆ ಕೂತೆ. ಎದುರಿಗಿದ್ದ ಕಾರಿನ ಗಡಿಯಾರ ತಪ್ಪು ವೇಳೆ ತೋರಿಸುತ್ತಿತ್ತು. ಹಿಂದಿನ ಸಲವೂ ತಪ್ಪಿತ್ತು, ನಾನೇ ಸರಿಮಾಡಿ ಕೊಟ್ಟಿದ್ದೆ. ಸ್ಕ್ಯಾನರ್‌ನಿಂದ ಕೋಡ್ ಅಳಿಸಿದರೆ ಗಡಿಯಾರಕ್ಕೆ ಏನೂ ಆಗುವುದಿಲ್ಲ. ಬ್ಯಾಟರಿಯ ವೈರು ತೆಗೆದರೆ ಮಾತ್ರ ಎರಡೂ ಒಟ್ಟಿಗೆ ಹೋಗುತ್ತವೆ.

ಬಾನೆಟ್ಟು ಎತ್ತಿ ನೋಡಿದೆ. ಬ್ಯಾಟರಿಯ ಒಂದು ಟರ್ಮಿನಲ್ಲಿನ ನಟ್ಟು ಪದೇಪದೇ ಸ್ಪ್ಯಾನರ್ ತಿರುಗಿಸಿ ಹೊಳಪಾಗಿತ್ತು.

ಶ್ರೀನಿಧಿ ಹೋದ ಮೇಲೆ ಮಾಮಾಗೆ ಹೇಳಿದೆ.

"ಹಂಗಾರ ಮಲ್ಲೇಶಂ ಅಲ್ಲ."

"ಅಲ್ಲ ಮಾಮಾ. ಇದು ಅವರ ಮನ್ಯಾಗ ಆಗಾಕತ್ತಿದ್ದು."

"ಮೊದಲಽ ಹೇಳಬಾರದೇನವಾ?" ಎಂದು ಸಿಡುಕಿದರು. ಆಮೇಲೆ ತಾವೇ, "ನಿನಗರ ಹ್ಯಾಂಗ ಗೊತ್ತಾಗಬೇಕು," ಎಂದರು. ಆದರೆ ಉಪ್ಪಲ್‌ಗೆ ಹೋಗಲಿಲ್ಲ. ಅವನು ಹೊಸ ಕೆಲಸಕ್ಕೆ ಸೇರಿದ್ದಂತೂ ನಿಜ, ಅದು ಅವರನ್ನು ತಡೆದಿತ್ತು.

ನನ್ನ ಅನುಮಾನ ಈಗ ಪೂರ್ತಿ ಶ್ರೀನಿಧಿಯ ಮೇಲೆ ತಿರುಗಿತು. ಕಾರು ಮಾರುವವರು ಹೀಗೆ ಮಾಡುತ್ತಾರೆಂದು ಕೇಳಿದ್ದೆ. ದೀಪ ಆರಿಸಿ, ಒಳ್ಳೆಯ ಗ್ಯಾರೇಜಿನಲ್ಲಿ ತೋರಿಸಿ, ಏನೂ ದೋಷವಿಲ್ಲ ಎಂದು ಅವರ ಬಾಯಿಂದಲೇ ಹೇಳಿಸಿ ಯಾರ ತಲೆಗಾದರೂ ಕಟ್ಟುವುದು. ತಾನೇ ವೈರು ತೆಗೆದು, ಅಪವಾದವನ್ನು ಮಲ್ಲೇಶಂ ಮೇಲೆ ಹೊರಿಸಿದ ಮನುಷ್ಯ ಎಂದು ಅವರ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಈ ಸಲ ಬಂದರೆ ಎದುರಿಗೇ ಕೇಳಬೇಕೆಂದು ಕಾದೆ. ಬಿಡುವಿದ್ದಾಗ ಸ್ಕ್ಯಾನರಿನ ಪುಸ್ತಕ ತೆಗೆದು, ನಾನು ಅಲ್ಲಿತನಕ ಮುಟ್ಟದ ಪುಟಗಳನ್ನೆಲ್ಲ ಓದಿದೆ.

ಸಂಕ್ರಾಂತಿಯ ಆಸುಪಾಸು. ಯೂನಿವರ್ಸಿಟಿಯ ಮರಗಳ ಮೇಲೆ ಬೆಳಗಿನ ಮಂಜು ಇನ್ನೂ ಕೂತಿತ್ತು. ಹಸಿರು ಕಾರು ತಡವರಿಸುತ್ತ, ಜಗ್ಗುತ್ತ ಬಂದು ಷೆಡ್ಡಿನ ಮುಂದೆ ನಿಂತಿತು. ಶ್ರೀನಿಧಿಯ ಪಕ್ಕದಲ್ಲಿ ಹೆಂಡತಿ ಮಮತಾ ಇದ್ದರು. ತೊಡೆಯ ಮೇಲೆ ಪ್ರಯಾಣದ ಬ್ಯಾಗು. ಅಕ್ಕನ ಬಾಣಂತನಕ್ಕೆಂದು ಕೆಲವು ವಾರ ಮೈಸೂರಿನಲ್ಲಿದ್ದು, ಆಗಷ್ಟೇ ಕಾಚಿಗುಡ ಸ್ಟೇಷನ್ನಿನಲ್ಲಿ ರೈಲಿಳಿದಿದ್ದರು. ಕಾರಿನಲ್ಲಿ ಹಳದಿ ದೀಪ ಉರಿಯುತ್ತಲೇ ಇತ್ತು.

"ನೀನು ಆಟೋದಲ್ಲಿ ಮನೆಗೆ ಹೋಗಿರು, ನಾನು ಬರ್ತೀನಿ," ಎಂದರು ಶ್ರೀನಿಧಿ.

"ಇಲ್ಲ, ಕೂತಿರ್ತೀನಿ," ಎಂದು ಮಮತಾ ನಮ್ಮ ಊಟದ ಬೆಂಚಿನ ಮೇಲೆ ಕೂತರು.

ನಾನು ಸ್ಕ್ಯಾನರ್ ಚುಚ್ಚಿದೆ. ಅದೇ ಲೀನ್ ಕೋಡ್, ಈ ಸಲ ಯಾರೂ ಅಳಿಸಿರಲಿಲ್ಲ. ಕೋಡ್ ಬಿದ್ದ ಆ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೂ ಕಾರಿನ ಕಂಪ್ಯೂಟರ್ ಫೋಟೋ ತೆಗೆದಂತೆ ಹಿಡಿದಿಟ್ಟಿರುತ್ತದೆ. ಮೊದಲ ಸಲ ಆ ಪುಟ ನನಗೆ ಗೊತ್ತಿರಲಿಲ್ಲ. ಈಗ ಅದನ್ನು ತೆರೆದೆ. ಮಾಮಾಗೆ ಚಿಕ್ಕ ಅಕ್ಷರ ಕಾಣುತ್ತಿರಲಿಲ್ಲ, ಹಾಗಾಗಿ ಯಾವಾಗಲೂ ಜೋರಾಗಿ ಓದಿ ಹೇಳಿಸುತ್ತಿದ್ದರು. ಎಂಜಿನ್ನಿನ ಬಿಸಿ ಓದಿದೆ, ಅದು ನಿಮಿಷಕ್ಕೆ ತಿರುಗುವ ಸುತ್ತು ಓದಿದೆ. ಮುಂದಿನ ಸಾಲಿಗೆ ಬಂದು ನಿಂತೆ.

"ಓದವಾ, ಯಾಕ ನಿಂತಿ?"

"ನೂರಾ ಅರವತ್ತೆಂಟು."

"ಏನು ನೂರಾ ಅರವತ್ತೆಂಟು?"

"ಸ್ಪೀಡು, ಮಾಮಾ."

"ಆ ಮಷಿನ್ ಸರಿ ಇಲ್ಲ ಅನ್ಸುತ್ತೆ," ಎಂದರು ಶ್ರೀನಿಧಿ. ನಗಲು ನೋಡಿದರು.

ನಾನು ಇಷ್ಟು ದಿನ ಕಟ್ಟಿಟ್ಟುಕೊಂಡಿದ್ದ ಪ್ರಶ್ನೆ ಹೊರಬಿತ್ತು. "ಮಷಿನ್ ಸರಿ ಐತ್ರಿ ಸರ. ನಿಮ್ಮ ಮನ್ಯಾಗ ಬ್ಯಾಟರಿ ವೈರು ತೆಗಿಯೋರು ಯಾರು, ಅದನ್ನ ಹೇಳ್ರಿ."

ಅವರು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ಅವರಿಗೆ ಏನೂ ಗೊತ್ತಿಲ್ಲ ಎಂದು. ನನ್ನ ಲೆಕ್ಕಾಚಾರವೂ ಅಲ್ಲಿಗೆ ಮಣ್ಣುಪಾಲಾಯಿತು.

"ನಾನು," ಎಂದರು ಮಮತಾ.

ಎದ್ದು ಬಂದು ಸ್ಕ್ಯಾನರಿನ ಪರದೆಯನ್ನು ತಾವೇ ಬಗ್ಗಿ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ನಿನ್ನ ಟೀಮಿನ ಹುಡುಗ ರಿಂಗ್ ರೋಡಲ್ಲಿ ಸತ್ತಾಗ ನನ್ನ ಕೈ ಹಿಡ್ಕೊಂಡು ಏನು ಹೇಳ್ದೆ ಶ್ರೀ? ಇನ್ನು ಹೋಗಲ್ಲ ಅಂದೆ. ಆಮೇಲೂ ನೀನು ಶನಿವಾರ ಭಾನುವಾರ ಬೆಳಗಾಗೋ ಮುಂಚೆ ಎದ್ದು ವಾಕಿಂಗ್ ಅಂತ ಹೋಗ್ತಿದ್ದೆ. ವಾಕಿಂಗ್‌ಗೆ ಕಾರ್ ಕೀ ಯಾಕೆ ಬೇಕು?"

ಊರಿನ ಹೊರಗೆ ವರ್ತುಲ ರಸ್ತೆಯ ಒಂದು ತುಂಡು ಆಗತಾನೇ ತೆರೆದಿತ್ತು. ಎಂಟು ಲೇನು, ಬೆಳಗಿನ ಜಾವ ಖಾಲಿ. ಹೊಸ ಸಂಬಳದ ಹುಡುಗರು ಅಲ್ಲಿ ಕಾರು ಓಡಿಸುವ ಪಂದ್ಯ ಕಟ್ಟುತ್ತಾರೆಂದು ನಾವೂ ಕೇಳಿದ್ದೆವು. ಮಮತಾ ಮಲಗುವ ಮುಂಚೆ ಪಾರ್ಕಿಂಗಿಗೆ ಇಳಿದು ಬ್ಯಾಟರಿಯ ವೈರು ಬಿಡಿಸಿ ಬರುತ್ತಿದ್ದರು. ಜಾವದಲ್ಲಿ ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಶ್ರೀನಿಧಿ ವಾಪಸು ಬಂದು ಮಲಗುತ್ತಿದ್ದರು. ಅವರು ಸ್ನಾನಕ್ಕೆ ಹೋದಾಗ ಇವರು ಮತ್ತೆ ಸೇರಿಸುತ್ತಿದ್ದರು. ಪ್ರತಿ ವಾರ ಇದಾಗುತ್ತಿರಲಿಲ್ಲ. ಕೆಲವು ಸಲ ಮಮತಾರನ್ನು ನಿದ್ದೆ ಗೆಲ್ಲುತ್ತಿತ್ತು, ಆ ದಿನ ಶ್ರೀನಿಧಿ ಹೋಗಿಬರುತ್ತಿದ್ದರು, ದೀಪ ಹತ್ತುತ್ತಿತ್ತು. ಆ ರಾತ್ರಿ ಇವರು ಮತ್ತೆ ವೈರು ತೆಗೆದರೆ, ಮರುದಿನಕ್ಕೆ ದೀಪವೂ ಹೋಗಿರುತ್ತಿತ್ತು.

"ಸರ, ಕಾರು ಸ್ಟಾರ್ಟ್ ಆಗಂಗಿಲ್ಲ ಅಂತ ನೀವು ಒಮ್ಮೆನೂ ಹೇಳಲಿಲ್ಲಲ್ರಿ," ಎಂದೆ.

"ಹೇಳಿದ್ರೆ ಎಷ್ಟೊತ್ತಿಗೆ, ಎಲ್ಲಿಗೆ ಹೊರಟಿದ್ರಿ ಅಂತ ಕೇಳ್ತಿದ್ರಿ," ಎಂದರು ಅವರು ನೆಲ ನೋಡುತ್ತ.

ಮಾಮಾ ಕಾರಿನ ಮಡ್‌ಗಾರ್ಡಿಗೆ ಕೈಯೂರಿ ನಿಂತಿದ್ದರು. "ಮಲ್ಲೇಶಂನ ಮ್ಯಾಲ ಹಾಕಿದ್ರಲ್ರಿ," ಎಂದರು.

"ಸಾರಿ. ನನಗೆ ನಿಜವಾಗ್ಲೂ ಹಾಗನ್ಸಿತ್ತು."

"ನನಗ್ಯಾಕ ಸಾರಿ ಅಂತೀರಿ. ನಾನೂ ನಂಬಿದೆ."

ನಾವು ಎಂಜಿನ್ ಚಾಲೂ ಇಟ್ಟು ಗಾಳಿಯ ದಾರಿಯುದ್ದಕ್ಕೂ ಸ್ಪ್ರೇ ಹೊಡೆದೆವು. ಸೋರಿಕೆ ಇರುವ ಜಾಗಕ್ಕೆ ಬಿದ್ದರೆ ಎಂಜಿನ್ನಿನ ಸದ್ದು ಬದಲಾಗುತ್ತದೆ. ಬದಲಾಗಲಿಲ್ಲ. ಮಾಮಾ ನನ್ನನ್ನು ಸೀಟಿನಲ್ಲಿ ಕೂರಿಸಿ, ಬ್ರೇಕು ಒತ್ತಿ ಗೇರಿನಲ್ಲಿಟ್ಟು, ಕ್ಲಚ್ಚನ್ನು ತುಸುತುಸುವೇ ಬಿಡಿಸಿದರು. ಎಂಜಿನ್ ಹೊರಳಿ ಒಂದು ಮಗ್ಗುಲಿಗೆ ವಾಲಿತು. ಆಗ ಸ್ಪ್ರೇ ಬಿದ್ದದ್ದೇ ಸದ್ದು ಏರಿತು. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರಿನ ಕೊಳವೆ ಅಡಿಯ ಮಡಿಕೆಯಲ್ಲಿ ಸೀಳಿತ್ತು. ಸುಮ್ಮನೆ ನಿಂತಾಗ ಸೀಳು ಮುಚ್ಚಿಕೊಳ್ಳುತ್ತದೆ, ಜೋರಾಗಿ ಎಕ್ಸಲರೇಟರ್ ತುಳಿದಾಗ ಬಾಯಿ ಬಿಡುತ್ತದೆ. ಅಳತೆಗೆ ಸಿಗದ ಗಾಳಿ ಅಲ್ಲಿಂದ ನುಗ್ಗುತ್ತಿತ್ತು.

"ಆ ಸ್ಪೀಡ್‌ನ್ಯಾಗ ಇದು ಪೂರಾ ಹರಿದಿದ್ರ ಎಂಜಿನ್ ಬಂದ್ ಬೀಳತಿತ್ರಿ," ಎಂದರು ಮಾಮಾ.

ಮಮತಾ ಆ ರಬ್ಬರನ್ನು ಕೈಯಲ್ಲಿ ಹಿಡಿದು ಮಡಿಕೆ ಬಿಡಿಸಿ ನೋಡಿದರು. ಕಾರನ್ನು ಕೆಡಿಸಿಯೇ ಇಡಿ ಎನ್ನುತ್ತಾರೇನೋ ಅಂದುಕೊಂಡೆ.

"ಸರಿಯಾಗಿ ರಿಪೇರಿ ಮಾಡಿ," ಎಂದರು. "ಹೋಗೋನು ಹೇಗಿದ್ರೂ ಹೋಗ್ತಾನೆ. ಕೆಟ್ಟ ಗಾಡೀಲಿ ಹೋಗೋದು ಬೇಡ."

ಶ್ರೀನಿಧಿ ಹೊರಗೆ ಹೋಗಿ ರಸ್ತೆಯ ಕಡೆ ಮುಖಮಾಡಿ ನಿಂತರು.

ಕೊಳವೆ ಮುಂಬಯಿಯಿಂದ ಬರಲು ಕೆಲವು ದಿನ ಹಿಡಿಯಿತು. ಕಾರು ಒಯ್ಯಲು ಇಬ್ಬರೂ ಬಂದರು. ಕೀ ಕೊಡಹೋದಾಗ ಶ್ರೀನಿಧಿ ಕೈ ಚಾಚಲಿಲ್ಲ, ಮಮತಾ ತೆಗೆದುಕೊಂಡು ಸ್ಟೇರಿಂಗ್ ಹಿಡಿದರು. ಮನೆಯಲ್ಲಿ ಏನು ಮಾತಾಗಿತ್ತೋ ತಿಳಿಯದು. ಆಮೇಲೆ ಎಷ್ಟೋ ಸಲ ಆ ಹಸಿರು ಕಾರು ಶಾಲಾ ಬಸ್ಸಿನ ವೇಗದಲ್ಲಿ, ಹಿಂದೆ ಆಟೋಗಳ ಹಾರ್ನು ಹೊಡೆಸಿಕೊಳ್ಳುತ್ತ, ಯೂನಿವರ್ಸಿಟಿಯ ಕಡೆ ಹೋಗುವುದನ್ನು ಕಂಡಿದ್ದೇನೆ.

ಅವರು ಕಾರು ಒಯ್ದ ವಾರದ ಭಾನುವಾರ ಮಧ್ಯಾಹ್ನ ಮಾಮಾ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ರಾಮಂತಾಪುರದ ಮಲ್ಲೇಶಂ ಮನೆಗೆ ಹೋದರು. ಅವನು ನಮ್ಮನ್ನು ಕಂಡು ಗಾಬರಿಯಿಂದ ಎದ್ದು, ಖುರ್ಚಿ ಹಾಕಿ, ಹೆಂಡತಿಗೆ ಚಹಾ ಇಡಲು ಹೇಳಿದ. ಮಾಮಾ ಬ್ಯಾಟರಿಯ ಕತೆಯನ್ನೆಲ್ಲ ಹೇಳಿದರು. ಕೊನೆಗೆ, "ನನ್ನ ತಪ್ಪಾತು ಮಲ್ಲೇಶಂ. ನಾಳಿಂದ ಬಾ," ಎಂದರು.

ಮಲ್ಲೇಶಂ ಲೋಟ ಕೆಳಗಿಟ್ಟ. ಉಪ್ಪಲ್‌ನ ಗೇಟಿನ ಮುಂದೆ ಅಂದು ನಿಂತದ್ದು ಹೆಂಡತಿಯ ತಮ್ಮನಿಗೆ ಕೆಲಸ ಕೇಳಲು ಎಂದ. ಆಮೇಲೆ ಷೆಡ್ಡಿನಲ್ಲಿ ತನ್ನ ಕೈಯ ಹಿಂದೆ ಕಣ್ಣುಗಳು ಓಡಾಡತೊಡಗಿದ ಮೇಲೆ, ಅದೇ ಗೇಟಿಗೆ ಹೋಗಿ ತನಗೇ ಕೆಲಸ ಕೇಳಿಕೊಂಡನಂತೆ.

"ಅಡಿಗಿತೆ ಚೆಪ್ತುಂಟಿ ಗದಾ ಸೇಠ್," ಎಂದ. ಕೇಳಿದ್ದರೆ ಹೇಳುತ್ತಿದ್ದೆನಲ್ಲ. ಸಿಟ್ಟಿನಿಂದ ಹೇಳಲಿಲ್ಲ. ಬರುವುದಿಲ್ಲ ಎಂಬುದನ್ನೂ ಅಷ್ಟೇ ಮೆತ್ತಗೆ ಹೇಳಿ, ರಸ್ತೆಯ ತಿರುವಿನವರೆಗೂ ಬಂದು ನಮ್ಮನ್ನು ಕಳಿಸಿಕೊಟ್ಟ. "ಜಾಗ್ರತ್ತ ಬಿಡ್ಡಾ," ಎಂದು ನನ್ನ ದುಪಟ್ಟಾ ಚಕ್ರಕ್ಕೆ ಸಿಗದಂತೆ ಎತ್ತಿ ಮಡಿಲಿಗಿಟ್ಟ.

ಅಂದಿನಿಂದ ಮಾಮಾ ಒಂದು ವಿಚಿತ್ರ ಅಭ್ಯಾಸ ಬೆಳೆಸಿಕೊಂಡರು. ಮನಸ್ಸಿಗೆ ಬಂದ ಅನುಮಾನವನ್ನು ಅಲ್ಲಿಗಲ್ಲೇ ಕೇಳಿಬಿಡುವುದು. ಹೊಸ ಮೇಸ್ತ್ರಿಗೆ, "ಸ್ಪ್ಯಾನರ್ ಕಾಣವಲ್ದು, ನೀ ಒಯ್ದಿಯೇನಪಾ?" ಗಿರಾಕಿಗೆ, "ಬ್ಯಾರೆ ಕಡೆ ಬಿಚ್ಚಿಸಿ ಕೆಡಿಸಿಕೊಂಡು ಬಂದಿರೇನ್ರಿ?" ಕೆಲವರು ಮುಖ ಕೆಡಿಸಿಕೊಂಡು ಹೋದರು. ಅತ್ತೆ, "ನಿಮ್ಮ ಬಾಯಿಗೆ ಬೀಗ ಹಾಕಬೇಕ್ರಿ," ಎಂದು ಹಣೆ ಬಡಿದುಕೊಳ್ಳುತ್ತಿದ್ದರು. ಅವರು ಬಿಡಲಿಲ್ಲ.

ಬೇಸಿಗೆ ಶುರುವಾಗಿತ್ತು. ಒಂದು ಬೆಳಗ್ಗೆ ನಾನು ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಅತ್ತೆಗೆ ಗೆಳತಿಯ ಮನೆ ಎಂದು ಹೇಳಿ ಚಪ್ಪಲಿ ಮೆಟ್ಟುತ್ತಿದ್ದೆ. ಮಾಮಾ ಪೇಪರಿನಿಂದ ತಲೆ ಎತ್ತಿದರು.

"ಬ್ಯಾರೆ ಕೆಲಸ ಹುಡುಕಾಕತ್ತೀಯೇನು ಸುಜಾ?"

ಅತ್ತೆಗೆ ಹೇಳಿದ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. "ಹೌದು ಮಾಮಾ," ಎಂದೆ. "ಮಾಧಾಪುರದಾಗ ಇಂಟರ್‌ವ್ಯೂ ಐತಿ."

ಅವರು ಪೇಪರು ಮಡಚಿಟ್ಟು, ಸ್ಕೂಟರಿನ ಕೀ ತೆಗೆದುಕೊಂಡರು.

"ಬಸ್ಸಿನ್ಯಾಗ ತಡ ಆಗತೈತಿ," ಎಂದರು. "ನಡಿ, ನಾನಽ ಬಿಡತೀನಿ."